ಸರಪಳಿ ಬಿಚ್ಚಿದ್ದು ಯಾರು? ಎರಡು ಮಾರ್ಕಿನ ಪ್ರಶ್ನೆ

ನಮ್ಮ ನರ್ಸಿಂಗ್ ಸ್ಕೂಲಿನ ಸೈಕಿಯಾಟ್ರಿ ಪುಸ್ತಕದಲ್ಲಿ ಒಂದು ಕಪ್ಪು ಬಿಳುಪು ಚಿತ್ರ ಇತ್ತು. ಜೆರಾಕ್ಸಿನ ಜೆರಾಕ್ಸ್ ತೆಗೆದ ಹಾಗೆ ಮಸುಕು. ಪ್ಯಾರಿಸ್ಸಿನ ಒಂದು ಆಸ್ಪತ್ರೆಯ ಅಂಗಳ. ಗೋಡೆಗೆ ಒರಗಿದ ಹೆಂಗಸರು, ನೆಲದ ಮೇಲೆ ಬಿದ್ದವರು. ಕೋಟು ಹಾಕಿಕೊಂಡ ದೊಡ್ಡ ಮನುಷ್ಯರೊಬ್ಬರು ನಿಂತಿದ್ದಾರೆ, ಒಬ್ಬಾಕೆ ಬಗ್ಗಿ ಅವರ ಕೈಗೆ ಮುತ್ತಿಡುತ್ತಿದ್ದಾಳೆ. ನಡುವೆ ಕೂದಲು ಬಿಚ್ಚಿಕೊಂಡ ಒಬ್ಬ ಹುಡುಗಿ, ಜೀವವೇ ಇಲ್ಲದವಳ ಹಾಗೆ ನಿಂತಿದ್ದಾಳೆ. ಆ ದೊಡ್ಡ ಮನುಷ್ಯರು ಫಿಲಿಪ್ ಪಿನೆಲ್. ಹುಚ್ಚರ ಸರಪಳಿ ಬಿಚ್ಚಿದ ಡಾಕ್ಟರು.

ಪರೀಕ್ಷೆಯಲ್ಲಿ ಇದು ಎರಡು ಮಾರ್ಕಿನ ಪ್ರಶ್ನೆ. 'ಮಾನಸಿಕ ರೋಗಿಗಳ ಸರಪಳಿ ತೆಗೆದವರು ಯಾರು? ಯಾವಾಗ?' ನಾವೆಲ್ಲ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆವು: ಪಿನೆಲ್, ಫ್ರಾನ್ಸ್, 1793. ಎರಡಕ್ಕೆ ಎರಡು.

ಎಷ್ಟೋ ವರ್ಷ ಆದಮೇಲೆ, ರಾತ್ರಿ ಡ್ಯೂಟಿಯಲ್ಲಿ ಫೋನಿನಲ್ಲಿ ಅದೇ ಚಿತ್ರ ಬಣ್ಣದಲ್ಲಿ ಸಿಕ್ಕಿತು. ದೊಡ್ಡದು ಮಾಡಿ ನೋಡಿದೆ. ಹುಡುಗಿಯ ಮೈಮೇಲಿನ ಕಬ್ಬಿಣವನ್ನು ಬಿಚ್ಚುತ್ತಿರುವವನು ಪಿನೆಲ್ ಅಲ್ಲ. ಅವರು ನಿಂತು ನೋಡುತ್ತಿದ್ದಾರೆ ಅಷ್ಟೇ. ಬಿಚ್ಚುತ್ತಿರುವವನು ಬೇರೆ ಒಬ್ಬ ಆಳು. ಅವನ ಕೈಗೆ ಯಾರೂ ಮುತ್ತಿಡುತ್ತಿಲ್ಲ.

ಇಪ್ಪತ್ತೆರಡು ವರ್ಷ ಸೈಕಿಯಾಟ್ರಿ ವಾರ್ಡಿನಲ್ಲಿ ಕೆಲಸ ಮಾಡಿದವಳಿಗೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಹೊಟ್ಟೆಕಿಚ್ಚು ಅನ್ನಿ ಬೇಕಾದರೆ.

ಆ ಚಿತ್ರ ಬರೆದದ್ದು 1876ರಲ್ಲಿ, ಟೋನಿ ರಾಬರ್ಟ್-ಫ್ಲೂರಿ ಅನ್ನುವ ಕಲಾವಿದ. ಅಂದರೆ ಘಟನೆ ನಡೆದು ಸುಮಾರು ಎಂಬತ್ತು ವರ್ಷ ಆದಮೇಲೆ. ಅಷ್ಟರಲ್ಲಿ ಪಿನೆಲ್ಲರ ಮಗ, ಶಿಷ್ಯರು ಎಲ್ಲ ಸೇರಿ ಕಥೆಗೆ ಒಳ್ಳೆ ಒಗ್ಗರಣೆ ಹಾಕಿದ್ದರು. ನಿಜವಾಗಿ ನಡೆದದ್ದರಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ. ಹೆಸರು ಝಾನ್ ಬಾಪ್ಟಿಸ್ಟ್ ಪುಸಿನ್. ಫ್ರೆಂಚ್ ಬಲ್ಲವರು ಬೇರೆ ಥರ ಹೇಳುತ್ತಾರೆ, ನನ್ನ ನಾಲಿಗೆಗೆ ಪುಸಿನ್ ಸಾಕು.

ಪುಸಿನ್ ಚರ್ಮ ಹದ ಮಾಡುವ ಕೆಲಸದವನು. ಕುತ್ತಿಗೆಯಲ್ಲಿ ಗಂಡಮಾಲೆ ಎದ್ದು, ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಗೆ ರೋಗಿಯಾಗಿ ಬಂದ. ವಾಸಿಯಾದ. ಮನೆಗೆ ಹೋಗಲಿಲ್ಲ, ಅಲ್ಲೇ ಕೆಲಸಕ್ಕೆ ನಿಂತ. 1780ರ ದಶಕದಲ್ಲಿ ಹುಚ್ಚರ ವಿಭಾಗದ ಮೇಲ್ವಿಚಾರಣೆ ಅವನ ಕೈಗೆ ಬಂತು. ಅವನ ಹೆಂಡತಿ ಮಾರ್ಗರೀಟ್ ಕೂಡ ಅಲ್ಲೇ ಕೆಲಸ ಮಾಡುತ್ತಿದ್ದಳು. ರೋಗಿಗಳಿಗೆ ಹೊಡೆಯುವ ಆಳುಗಳನ್ನು ಪುಸಿನ್ ಬಿಡಿಸಿ ಹಾಕುತ್ತಿದ್ದ. ಅವರ ಜಾಗಕ್ಕೆ, ಆದಷ್ಟೂ, ವಾಸಿಯಾದ ರೋಗಿಗಳನ್ನೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದ. ಒಳಗಿನ ಕಷ್ಟ ಗೊತ್ತಿರುವವರು ಕೈ ಎತ್ತುವ ಮೊದಲು ಒಂದು ಸಲ ಯೋಚಿಸುತ್ತಾರೆ ಅಲ್ವಾ.

ಪಿನೆಲ್ 1793ರಲ್ಲಿ ಅಲ್ಲಿಗೆ ಬಂದಾಗ ಈ ವ್ಯವಸ್ಥೆ ಆಗಲೇ ನಡೆಯುತ್ತಿತ್ತು. ಎರಡು ವರ್ಷ ಇದ್ದು ಪಿನೆಲ್ ಹೆಂಗಸರ ಆಸ್ಪತ್ರೆಯಾದ ಸಾಲ್ಪೆಟ್ರಿಯೇರ್‌ಗೆ ಹೋದರು. ಬಿಸೆತ್ರ್‌ನಲ್ಲಿ ಸರಪಳಿ ಬಿಚ್ಚಿದ್ದು 1797ರಲ್ಲಿ. ಆಗ ಪಿನೆಲ್ ಅಲ್ಲಿ ಇರಲೇ ಇಲ್ಲ. ಬಿಚ್ಚಿದವನು ಪುಸಿನ್. ಎಲ್ಲರನ್ನೂ ಪೂರ್ತಿ ಬಿಟ್ಟುಬಿಟ್ಟ ಅಂತ ಅಲ್ಲ, ತೀರಾ ಹಿಂಸೆಗೆ ಇಳಿದವರಿಗೆ ಕೈಕಟ್ಟುವ ಅಂಗಿ ತೊಡಿಸುತ್ತಿದ್ದ. ಆದರೆ ಕಬ್ಬಿಣ ಹೋಯಿತು. 1802ರಲ್ಲಿ ಅವನೂ ಸಾಲ್ಪೆಟ್ರಿಯೇರ್‌ಗೆ ಬಂದು ಪಿನೆಲ್ ಜೊತೆ ಸೇರಿದ. ಆಮೇಲೆ ಅಲ್ಲಿಯೂ ಸರಪಳಿ ಹೋಯಿತು. ಪಿನೆಲ್ ದೊಡ್ಡ ಮನಸ್ಸಿನವರು, ತಮಗೆ ಕಲಿಸಿದ್ದು ಪುಸಿನ್ ಅಂತ ಬರೆದೂ ಇದ್ದಾರೆ. ಅವನ ಹೆಂಡತಿಯನ್ನೂ ಹೊಗಳಿದ್ದಾರೆ. ಮರೆತವರು ಅವರ ನಂತರದವರು.

ಈಗ ಆ ಎರಡು ಮಾರ್ಕಿನ ಪ್ರಶ್ನೆ ಬಂದರೆ ಏನು ಬರೆಯಲಿ? ಸರಿಯುತ್ತರ ಬರೆದರೆ ಸೊನ್ನೆ ಬರುತ್ತದೆ.

ನಾನು ಜಿ.ಎನ್.ಎಂ. ಅನ್ನುವ ನರ್ಸಿಂಗ್ ಡಿಪ್ಲೊಮಾ ಓದಿದವಳು. ಮೂರನೇ ವರ್ಷ ನಮ್ಮನ್ನು ಬಸ್ಸಿನಲ್ಲಿ ತುಂಬಿಕೊಂಡು ಒಂದು ಮಾನಸಿಕ ಆಸ್ಪತ್ರೆಗೆ ಪೋಸ್ಟಿಂಗ್‌ಗೆ ಬಿಟ್ಟಿದ್ದರು. ಮನೆಯಲ್ಲಿ ಹೇಳಿದಾಗ ಅಮ್ಮನ ಮುಖ ಸಣ್ಣಗಾಯಿತು. 'ಹುಚ್ಚಾಸ್ಪತ್ರೆಗಾ? ಹುಷಾರು ಕಣೇ, ಕಚ್ಚಿಗಿಚ್ಚಿಬಿಟ್ಟಾರು' ಅಂದಳು. ಅಜ್ಜಿಗೆ ಬೇರೆ ಚಿಂತೆ. ಅಲ್ಲಿ ಹೋಗಿ ಬಂದವಳು ಅಂತ ಗೊತ್ತಾದರೆ ಗಂಡು ಸಿಗುವುದು ಕಷ್ಟ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಅಂತ ಗಾದೆ ಕಟ್ಟಿದ ಊರು ನಮ್ಮದು. ಗಾದೆಯನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ಆದರೆ ಅದನ್ನೇ ನಂಬಿ ಮದುವೆ ಮಾಡಿಸಿದ ಎಷ್ಟು ಹುಡುಗಿಯರನ್ನು ವಾರ್ಡಿನಲ್ಲಿ ನೋಡಿದ್ದೇನೆ ಅಂದರೆ, ಈಗ ಯಾರಾದರೂ ಹೇಳಿದರೆ ನನಗೆ ನಗು ಬರುವುದಿಲ್ಲ.

ಪೋಸ್ಟಿಂಗಿನ ಮೊದಲ ದಿನ ಯಾರೂ ಕಚ್ಚಲಿಲ್ಲ. ಒಬ್ಬರು ಅಜ್ಜಿ ನನ್ನ ಜಡೆ ನೋಡಿ, 'ಎಣ್ಣೆ ಹಚ್ಚಲ್ವಾ ನೀನು?' ಅಂತ ಕೇಳಿದರು. ಅಷ್ಟೇ.

ಓದು ಮುಗಿದ ಮೇಲೆ ಮೊದಲ ಕೆಲಸ ಒಂದು ಪ್ರೈವೇಟ್ ನರ್ಸಿಂಗ್ ಹೋಮಿನಲ್ಲಿ. ಹೆಸರು ಬೇಡ. ಒಂದು ರಾತ್ರಿ ಇಪ್ಪತ್ತೆಂಟು ಪೇಷೆಂಟ್‌ಗಳಿಗೆ ನಾನೊಬ್ಬಳೇ ಸಿಸ್ಟರ್. ಇದ್ದ ಒಬ್ಬ ಅಟೆಂಡರನ್ನು ಕೆಳಗೆ ಕ್ಯಾಶುವಾಲ್ಟಿಯವರು ಕರೆದುಕೊಂಡು ಹೋಗಿದ್ದರು. ಮೂಲೆಯ ಕಾಟಿನಲ್ಲಿ ಒಬ್ಬ ಹುಡುಗ, ಇಪ್ಪತ್ತಾರು ಇಪ್ಪತ್ತೇಳು ಇರಬೇಕು. ಕುಡಿತ ಬಿಟ್ಟು ಮೂರನೇ ದಿನ. ಕುಡಿತ ದಿಢೀರನೆ ನಿಲ್ಲಿಸಿದವರಿಗೆ ಎರಡನೇ ಮೂರನೇ ದಿನವೇ ಅಪಾಯ, ಕೈ ನಡುಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಅವನಿಗೆ ಗೋಡೆ ಮೇಲೆ ಇರುವೆ ಕಾಣುತ್ತಿತ್ತು. ಡ್ರಿಪ್ಪಿನ ಸೂಜಿ ಕಿತ್ತು ಹಾಕಿದ. ಮತ್ತೆ ಹಾಕಿದೆ. ಮತ್ತೆ ಕಿತ್ತ. ಡಾಕ್ಟರಿಗೆ ಫೋನ್ ಮಾಡಿದರೆ, 'ಕಟ್ಟಿ ಹಾಕಿ ಸಿಸ್ಟರ್, ಬೆಳಿಗ್ಗೆ ನೋಡೋಣ' ಅಂದರು.

ಕಟ್ಟಿದೆ. ಗಾಜ್ ಬ್ಯಾಂಡೇಜಿನ ರೋಲು ಬಿಚ್ಚಿ, ಎರಡೂ ಮಣಿಕಟ್ಟಿಗೆ ಸುತ್ತಿ, ಕಾಟಿನ ಕಂಬಿಗೆ ಗಂಟು ಹಾಕಿದೆ. ಆ ಗಂಟು ಹೇಗೆ ಹಾಕಬೇಕು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯಲ್ಲಿ ಕರು ಕಟ್ಟುವ ಗಂಟೇ ಹಾಕಿದೆ. ನರ್ಸಸ್ ನೋಟಿನಲ್ಲಿ 'ಪೇಷೆಂಟ್ ರೆಸ್ಟ್‌ಲೆಸ್, ರಿಸ್ಟ್ರೇನ್ಡ್' ಅಂತ ಬರೆದು ಸೈನ್ ಮಾಡಿ ಉಳಿದವರ ಇಂಜೆಕ್ಷನ್‌ಗೆ ಹೋದೆ. ಬೆಳಿಗ್ಗೆ ಬಿಚ್ಚುವಾಗ ಎರಡೂ ಮಣಿಕಟ್ಟಿನಲ್ಲಿ ಬಳೆ ಹಾಕಿದ ಹಾಗೆ ಕೆಂಪು ಗೆರೆ. ಅವನು ಸ್ವಲ್ಪ ಸರಿಯಾಗಿದ್ದ. ಬೈಯಲಿಲ್ಲ. 'ರಾತ್ರಿ ನೀರು ಕೇಳ್ದೆ ಸಿಸ್ಟರ್, ಯಾರೂ ಬರ್ಲಿಲ್ಲ' ಅಂದ.

ಕೇಳಿಸಿತ್ತು ನನಗೆ. ಅರಚುತ್ತಿದ್ದಾನೆ ಅಂದುಕೊಂಡಿದ್ದೆ.

ಇಂಗ್ಲೆಂಡಿನ ಹ್ಯಾನ್‌ವೆಲ್ ಅಸೈಲಮ್ಮಿನ, ಅಂದರೆ ಆಗಿನ ಹುಚ್ಚಾಸ್ಪತ್ರೆಯ, ಕಥೆ ಓದುವಾಗೆಲ್ಲ ನನಗೆ ಆ ರಾತ್ರಿಯೇ ನೆನಪಾಗುತ್ತದೆ. 1839ರಲ್ಲಿ ಜಾನ್ ಕೊನೊಲಿ ಅನ್ನುವ ಡಾಕ್ಟರು ಅಲ್ಲಿಗೆ ಬಂದರು. ಸುಮಾರು 800 ರೋಗಿಗಳು. ಬಂದ ಕೆಲವೇ ತಿಂಗಳಲ್ಲಿ ಪಟ್ಟಿ, ಬೇಡಿ, ಕಟ್ಟುವ ಕುರ್ಚಿ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಲಿಂಕನ್ ಅನ್ನುವ ಊರಿನ ಸಣ್ಣ ಆಸ್ಪತ್ರೆಯಲ್ಲಿ ರಾಬರ್ಟ್ ಗಾರ್ಡಿನರ್ ಹಿಲ್ ಅನ್ನುವವರು ಕೊನೊಲಿಗಿಂತ ಮೊದಲೇ ಇದನ್ನು ಮಾಡಿ ತೋರಿಸಿದ್ದರು. ಆದರೆ 800 ಜನರಿರುವ ಕಡೆ ಆಗುತ್ತದಾ ಅಂತ ಎಲ್ಲರಿಗೂ ಅನುಮಾನ. ಆಯಿತು. ಹೇಗೆ ಅಂದರೆ, ಕೊನೊಲಿ ಒಳ್ಳೆಯ ಆಳುಗಳು ಬೇಕು ಅಂತ ಹಟ ಹಿಡಿದರು. ಜಾಸ್ತಿ ಜನ ಬೇಕು, ಅವರಿಗೆ ಸರಿಯಾದ ಸಂಬಳ ಬೇಕು, ರಜೆ ಬೇಕು ಅಂದರು. ರೋಗಿಗೆ ಬೇಕಾದ ಸಾವಿರ ಸಣ್ಣ ಆರೈಕೆಗಳ ಬದಲಿಗೆ ನಾವು ಹಾಕುವುದೇ ಈ ಕಟ್ಟು ಅನ್ನುವ ಅರ್ಥದಲ್ಲಿ ಅವರು ಬರೆದಿದ್ದಾರೆ.

ಸಾವಿರ ಸಣ್ಣ ಆರೈಕೆ. ಅದರಲ್ಲಿ ಒಂದು ಲೋಟ ನೀರು.

ಆ ರಾತ್ರಿ ಇನ್ನೊಬ್ಬ ಸಿಸ್ಟರ್ ಇದ್ದಿದ್ದರೆ ನಾನು ಕಟ್ಟುತ್ತಿದ್ದೆನಾ? ಇಲ್ಲ ಅಂತಲೇ ಹೇಳುತ್ತೇನೆ. ಇದು ನನ್ನ ತಪ್ಪನ್ನು ಮುಚ್ಚಿಕೊಳ್ಳುವ ಮಾತು ಅಂತ ಅನ್ನಿಸಬಹುದು. ಸ್ವಲ್ಪ ಹೌದು ಕೂಡ. ಆದರೆ ಡ್ಯೂಟಿ ಲಿಸ್ಟ್ ನೋಡದೆ ಕರುಣೆಯ ಬಗ್ಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ತಾಳ್ಮೆ ಕಮ್ಮಿ.

ಇಂಗ್ಲೆಂಡಿನ ಯಾರ್ಕ್ ಊರಿನ ರಿಟ್ರೀಟ್ ಅನ್ನುವ ಆರೈಕೆ ಮನೆಯ ಬಗ್ಗೆ ಎಲ್ಲ ಪುಸ್ತಕದಲ್ಲೂ ಇರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. 1790ರಲ್ಲಿ ಹ್ಯಾನಾ ಮಿಲ್ಸ್ ಅನ್ನುವ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಹೆಂಗಸು ಅಲ್ಲಿನ ಅಸೈಲಮ್ಮಿನಲ್ಲಿ ಸತ್ತಳು. ಅವಳನ್ನು ನೋಡಲು ಬಂದ ಅವಳ ಪಂಥದವರನ್ನು ಒಳಗೆ ಬಿಟ್ಟಿರಲಿಲ್ಲ. ಟೀ ವ್ಯಾಪಾರಿ ವಿಲಿಯಂ ಟ್ಯೂಕ್ ಮತ್ತು ಅವರ ಪಂಥದವರು ಹಣ ಕೂಡಿಸಿ 1796ರಲ್ಲಿ ತಮ್ಮದೇ ಮನೆ ತೆರೆದರು. ತೋಟ, ಹೊಲಿಗೆ, ಒಟ್ಟಿಗೆ ಕೂತು ಚಹಾ. ಟ್ಯೂಕರ ಹೆಸರು ಎಲ್ಲರಿಗೂ ಗೊತ್ತು. ದಿನಾ ಆ ಮನೆ ನಡೆಸಿದವರು ಜಾರ್ಜ್ ಜೆಪ್ಸನ್ ಮತ್ತು ಕ್ಯಾಥರೀನ್ ಅಲೆನ್. ಆಕೆ ಹೆಂಗಸರ ಕಡೆಯ ಮೇಲ್ವಿಚಾರಕಿ. ಆಮೇಲೆ ಇಬ್ಬರೂ ಮದುವೆಯಾದರು. ಎರಡು ಮಾರ್ಕಿನ ಪ್ರಶ್ನೆಯಲ್ಲಿ ಇವರೂ ಬರುವುದಿಲ್ಲ.

ಆಗಿನ ಕಾಲಕ್ಕೆ ಈ ಕೆಲಸದವರಿಗೆ 'ಕೀಪರ್' ಅಂತ ಹೆಸರು. ಮೃಗಾಲಯದಲ್ಲಿ ಪ್ರಾಣಿ ಕಾಯುವವರಿಗೂ ಅದೇ ಹೆಸರು. ಆಮೇಲೆ 'ಅಟೆಂಡೆಂಟ್' ಆಯಿತು. 1885ರಲ್ಲಿ ಬ್ರಿಟನ್ನಿನ ಮಾನಸಿಕ ವೈದ್ಯರ ಸಂಘ ಅವರಿಗೋಸ್ಕರ ಒಂದು ಕೈಪಿಡಿ ತಂದಿತು. ರಟ್ಟು ಕೆಂಪಾಗಿದ್ದರಿಂದ ಕೆಂಪು ಪುಸ್ತಕ ಅಂತಲೇ ಕರೆಯುತ್ತಿದ್ದರು. ಕೆಲವೇ ವರ್ಷದಲ್ಲಿ ಪರೀಕ್ಷೆ, ಸರ್ಟಿಫಿಕೇಟ್ ಎಲ್ಲ ಬಂತು. ಅಮೆರಿಕದಲ್ಲಿ ಮೆಕ್ಲೀನ್ ಆಸ್ಪತ್ರೆಯವರು 1882ರಲ್ಲೇ ಮಾನಸಿಕ ರೋಗಿಗಳ ಶುಶ್ರೂಷೆಗೆ ನರ್ಸಿಂಗ್ ಸ್ಕೂಲ್ ಶುರು ಮಾಡಿದ್ದರು. ನಮ್ಮ ಕಡೆ ತುಂಬಾ ದಿನ ಉಳಿದ ಹೆಸರು 'ವಾರ್ಡರ್'. ಜೈಲಿನಲ್ಲೂ ಅದೇ ಹೆಸರು. ನಾನು ಕೆಲಸಕ್ಕೆ ಸೇರಿದಾಗ ಹಳೇ ಅಟೆಂಡರುಗಳು ತಮ್ಮನ್ನು ತಾವೇ ಹಾಗೆ ಕರೆದುಕೊಳ್ಳುತ್ತಿದ್ದರು. ಬೀಗದ ಕೈಗೊಂಚಲು ಸೊಂಟದಲ್ಲಿ ಜಣಜಣ ಅನ್ನುತ್ತಿತ್ತು, ದೂರದಿಂದಲೇ ಯಾರು ಬರುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು.

ಬೆಂಗಳೂರಿನ ಅಸೈಲಮ್ ಶುರುವಾದದ್ದು 1847ರಲ್ಲಿ, ಪೇಟೆಯ ಕಡೆ. ಧಾರವಾಡದ್ದು ಅದಕ್ಕೂ ಎರಡು ವರ್ಷ ಹಳೆಯದು. ಪೇಡಾದಷ್ಟೇ ಹೆಸರಾದದ್ದು ಅಲ್ಲಿನ ಆಸ್ಪತ್ರೆ. ಆ ಕಡೆಯವರು ಜಗಳ ಆಡುವಾಗ ಇವತ್ತಿಗೂ 'ನಿನ್ನ ಧಾರವಾಡಕ್ಕ ಕಳಿಸಬೇಕು ನೋಡು' ಅನ್ನುತ್ತಾರೆ. ಮೈಸೂರು ಸರ್ಕಾರ 1925ರಲ್ಲಿ 'ಲುನಾಟಿಕ್ ಅಸೈಲಮ್' ಅನ್ನುವ ಬೋರ್ಡು ತೆಗೆದು 'ಮೆಂಟಲ್ ಹಾಸ್ಪಿಟಲ್' ಅಂತ ಹಾಕಿತು. ಆ ಕಾಲದಲ್ಲಿ ಡಾ. ಫ್ರಾಂಕ್ ನೊರೊನ್ಹಾ ಸೂಪರಿಂಟೆಂಡೆಂಟ್, ಮರುವರ್ಷ ಮಿರ್ಜಾ ಇಸ್ಮಾಯಿಲ್ ದಿವಾನರಾದರು. 1930ರ ದಶಕದಲ್ಲಿ ಪೇಟೆಯ ಇಕ್ಕಟ್ಟಿನಿಂದ ಲಕ್ಕಸಂದ್ರದ ಕಡೆಯ ವಿಶಾಲ ಜಾಗಕ್ಕೆ ಆಸ್ಪತ್ರೆ ಹೋಯಿತು. ಈಗ ಹೊಸೂರು ರಸ್ತೆಯಲ್ಲಿ ಸಿಗ್ನಲ್ಲಿಗೆ ನಿಂತವರಿಗೆ ಕಾಣುವ ಆ ಮರಗಳ ಸಾಲು ಅದೇ ಕಾಂಪೌಂಡಿನದು. 1954ರಲ್ಲಿ ಅಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಡಾಕ್ಟರುಗಳ ಡಿಪ್ಲೊಮಾ ಜೊತೆಗೆ ನರ್ಸ್‌ಗಳಿಗೂ ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಆ ದಶಕದಲ್ಲೇ ಶುರುವಾಯಿತು. 1974ರಲ್ಲಿ ಆಸ್ಪತ್ರೆ, ಸಂಸ್ಥೆ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಬೋರ್ಡು ಎಷ್ಟು ಸಲ ಬದಲಾದರೂ, ಆಟೋದವರಿಗೆ ಮೊನ್ನೆ ಮೊನ್ನೆವರೆಗೂ 'ಮೆಂಟಲ್ ಆಸ್ಪತ್ರೆ ಸ್ಟಾಪ್' ಅಂದರೇ ಅರ್ಥವಾಗುತ್ತಿದ್ದದ್ದು.

ನಮ್ಮ ದೇಶದವರು ಈ ಇತಿಹಾಸಕ್ಕೆ ಸೇರಿಸಿದ ಒಂದು ವಿಷಯ ಇದೆ. ಅದನ್ನು ಹೊರಗಿನವರು ಅಷ್ಟಾಗಿ ಗಮನಿಸಿಲ್ಲ ಅಂತ ನನ್ನ ಅನಿಸಿಕೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಇದ್ದರು. ಆಸ್ಪತ್ರೆ ತುಂಬಿ ತುಳುಕುತ್ತಿತ್ತು, ಸಿಬ್ಬಂದಿ ಸಾಲದು. ಅವರು ರೋಗಿಗಳ ಮನೆಯವರನ್ನೇ ಕರೆಸಿ, ಆಸ್ಪತ್ರೆಯ ಮೈದಾನದಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆಗೇ ಇರಿಸಿಕೊಂಡರು. ಅಡುಗೆ, ಊಟ, ಮಾತು ಎಲ್ಲ ಅಲ್ಲೇ. ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರಿಗೂ ಇದು ದೆವ್ವ ಅಲ್ಲ, ಕಾಯಿಲೆ ಅಂತ ಕಣ್ಣಾರೆ ಗೊತ್ತಾಯಿತು. ಆಮೇಲೆ ವೆಲ್ಲೂರು, ಬೆಂಗಳೂರಿನಲ್ಲೂ ಮನೆಯವರು ಜೊತೆಗಿರುವ ವಾರ್ಡುಗಳು ಬಂದವು.

ಇವತ್ತು ನಮ್ಮ ವಾರ್ಡಿನಲ್ಲಿ ಅಡ್ಮಿಷನ್ ಮಾಡುವಾಗ ಕೇಳುವ ಮೊದಲ ಪ್ರಶ್ನೆಯೇ 'ಪೇಷೆಂಟ್ ಜೊತೆ ಯಾರಿದೀರಿ?' ಸಾಮಾನ್ಯವಾಗಿ ಅಮ್ಮ. ಇಲ್ಲದಿದ್ದರೆ ಹೆಂಡತಿ. ಪ್ಲಾಸ್ಟಿಕ್ ಬುಟ್ಟಿಯಲ್ಲಿ ಫ್ಲಾಸ್ಕು, ತಟ್ಟೆ, ಹೊದಿಕೆ ಹಿಡಿದುಕೊಂಡು ಬಂದು ಕಾಟಿನ ಕೆಳಗೆ ಚಾಪೆ ಹಾಸಿಕೊಳ್ಳುತ್ತಾರೆ. ಮಗ ಬೈದರೂ ಹೊಡೆದರೂ ಮಾತ್ರೆ ನುಂಗಿಸುತ್ತಾರೆ. ರಾತ್ರಿ ನನಗಿಂತ ಮೊದಲು ಎಚ್ಚರ ಆಗುವುದು ಅವರಿಗೆ. ನಮ್ಮ ವ್ಯವಸ್ಥೆ ನಡೆಯುತ್ತಿರುವುದೇ ಈ ಸಂಬಳವಿಲ್ಲದ ನರ್ಸ್‌ಗಳಿಂದ. ಅದು ನಮ್ಮ ಹೆಮ್ಮೆಯೂ ಹೌದು, ಸೋಮಾರಿತನವೂ ಹೌದು. ಅಮ್ಮ ಸತ್ತ ಮೇಲೆ ಬರುವ ನಲವತ್ತೈದರ ಮಗನ ಜೊತೆ ಯಾರಿದೀರಿ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಅಂಥವರಲ್ಲಿ ಎಷ್ಟೋ ಜನ ದೇವಸ್ಥಾನ, ದರ್ಗಾಗಳ ಹತ್ತಿರ ಸೇರಿಕೊಳ್ಳುತ್ತಾರೆ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾ ಹತ್ತಿರದ ಒಂದು ಮನೆಗೆ ಬೆಂಕಿ ಬಿತ್ತು. ರೋಗಿಗಳನ್ನು ಸರಪಳಿಯಲ್ಲಿ ಕಟ್ಟಿ ಹಾಕಿದ್ದರು. ಓಡಲು ಆಗಲಿಲ್ಲ. 28 ಜನ ಸತ್ತರು. ಪುಸಿನ್ ಸರಪಳಿ ಬಿಚ್ಚಿ 204 ವರ್ಷ ಆಗಿತ್ತು. ಆಗ ವಾರ್ಡಿನಲ್ಲಿ ಪೇಪರ್ ಓದಿ ಹೇಳಿದ್ದು ಒಬ್ಬರು ಪೇಷೆಂಟೇ. 'ನಮ್ಮೋರು ಸುಟ್ಟೋದ್ರು ಸಿಸ್ಟರ್' ಅಂದರು. ನಮ್ಮೋರು ಅಂದದ್ದು ಜಾತಿಯವರನ್ನಲ್ಲ, ಊರಿನವರನ್ನಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಹಾಕಬಾರದು ಅಂತ ಬರೆದೇಬಿಟ್ಟಿದೆ. ಅರಿವಳಿಕೆ ಇಲ್ಲದೆ ಶಾಕ್ ಟ್ರೀಟ್‌ಮೆಂಟ್ ಕೊಡುವ ಹಾಗಿಲ್ಲ. ಹಿಡಿದು ಕಟ್ಟಲೇಬೇಕಾದ ಸಂದರ್ಭ ಬಂದರೆ ಯಾಕೆ, ಹೇಗೆ, ಎಷ್ಟು ಹೊತ್ತು ಅಂತ ದಾಖಲಿಸಬೇಕು. 24 ಗಂಟೆಯೊಳಗೆ ರೋಗಿ ಹೆಸರಿಸಿದ ವ್ಯಕ್ತಿಗೆ ತಿಳಿಸಬೇಕು. ಈಗ ನಮ್ಮಲ್ಲಿ ಅದಕ್ಕೊಂದು ರಿಜಿಸ್ಟರ್ ಇದೆ. ಬರೆಯುವುದು ಬಹಳ ಅಂತ ಹೊಸ ಹುಡುಗಿಯರು ಗೊಣಗುತ್ತಾರೆ. ಬರೆಯುವುದಕ್ಕೆ ಬೇಜಾರಾಗಿಯಾದರೂ ಕಟ್ಟುವುದು ಕಮ್ಮಿಯಾಗಲಿ ಅಂತ ನಾನು ಸುಮ್ನೆ ಇರುತ್ತೇನೆ.

ಇದರ ಮಧ್ಯೆ ಬಳ್ಳಾರಿಯನ್ನು ಮರೆಯಬಾರದು. 1980ರ ದಶಕದ ಮಧ್ಯದಿಂದ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ನರ್ಸಮ್ಮಂದಿರಿಗೆ ತರಬೇತಿ ಕೊಟ್ಟು, ಮಾತ್ರೆಯನ್ನು ಅಲ್ಲಲ್ಲೇ ಸಿಗುವ ಹಾಗೆ ಮಾಡಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದಾಗ ಅದಕ್ಕೆ ಮಾದರಿ ಇದೇ. ಬಸ್ ಚಾರ್ಜಿಗೆ ದುಡ್ಡಿಲ್ಲದೆ ಮಾತ್ರೆ ಬಿಟ್ಟವರನ್ನು ನೋಡಿದವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇನ್ಸುಲಿನ್ ಕಥೆ. ಸಕ್ಕರೆ ಕಾಯಿಲೆಯ ಇನ್ಸುಲಿನ್ನೇ. 1930ರ ದಶಕದಲ್ಲಿ ವಿಯೆನ್ನಾದ ಮ್ಯಾನ್‌ಫ್ರೆಡ್ ಸಾಕೆಲ್ ಅನ್ನುವ ಡಾಕ್ಟರು ಸ್ಕಿಜೋಫ್ರೇನಿಯಾ ಅನ್ನುವ ಗಂಭೀರ ಮಾನಸಿಕ ಕಾಯಿಲೆಗೆ ಹೊಸ ಚಿಕಿತ್ಸೆ ತಂದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಜಾಸ್ತಿ ಇನ್ಸುಲಿನ್ ಕೊಟ್ಟು ರೋಗಿಯನ್ನು ಕೋಮಾಕ್ಕೆ ಕಳಿಸುವುದು, ಸ್ವಲ್ಪ ಹೊತ್ತಿನ ಮೇಲೆ ಗ್ಲೂಕೋಸ್ ಕೊಟ್ಟು ಎಬ್ಬಿಸುವುದು. ವಾರಗಟ್ಟಲೆ ಹೀಗೆ. ಪ್ರಪಂಚವೆಲ್ಲ ಹಬ್ಬಿತು, ನಮ್ಮ ಆಸ್ಪತ್ರೆಗಳಿಗೂ ಬಂತು. ಕೆಲವರು ಎಚ್ಚರವಾಗದೆ ಸತ್ತರು. ಆದರೂ ಸುಧಾರಿಸುತ್ತಾರೆ ಅನ್ನುವ ನಂಬಿಕೆ ಗಟ್ಟಿಯಾಗಿತ್ತು. 1953ರಲ್ಲಿ ಹೆರಾಲ್ಡ್ ಬೋರ್ನ್ ಅನ್ನುವ ಕಿರಿಯ ಡಾಕ್ಟರು ಇದೆಲ್ಲ ಬರೀ ಭ್ರಮೆ ಅಂತ ಬರೆದು ಹಿರಿಯರ ಕೈಯಲ್ಲಿ ಬೈಸಿಕೊಂಡರು. 1957ರಲ್ಲಿ ಲಂಡನ್ನಿನವರು ಪರೀಕ್ಷೆ ಮಾಡಿಯೇ ನೋಡಿದರು. ಅರ್ಧ ಜನಕ್ಕೆ ಇನ್ಸುಲಿನ್ ಕೋಮಾ, ಇನ್ನರ್ಧಕ್ಕೆ ಬೇರೆ ಔಷಧಿಯಿಂದ ಬರಿಸಿದ ನಿದ್ದೆ. ಉಳಿದದ್ದೆಲ್ಲ ಒಂದೇ. ಫಲಿತಾಂಶದಲ್ಲಿ ವ್ಯತ್ಯಾಸ ಇರಲಿಲ್ಲ.

ಹಾಗಾದರೆ ಅಷ್ಟು ವರ್ಷ ಜನ ಸುಧಾರಿಸಿದ್ದು ಯಾವುದರಿಂದ? ಕೋಮಾದ ವಾರ್ಡು ಹೇಗಿರುತ್ತಿತ್ತು ಅಂತ ನೋಡಿ. ಆರಿಸಿದ ನರ್ಸ್‌ಗಳು. ರೋಗಿಯ ಪಕ್ಕದಲ್ಲೇ ಕೂತು ನಾಡಿ, ಉಸಿರು, ಕಣ್ಣು ನೋಡುತ್ತಿರಬೇಕು, ಒಂದು ನಿಮಿಷ ಕಣ್ಣು ತಪ್ಪಿದರೂ ಜೀವ ಹೋಗಬಹುದು. ಎಚ್ಚರವಾದಾಗ ಮೊದಲು ಕಾಣುವುದು ಆ ನರ್ಸಿನ ಮುಖ. ಬೆವರು ಒರೆಸಿ, ಬಟ್ಟೆ ಬದಲಿಸಿ, ಸಿಹಿ ಕುಡಿಸಿ, ಮಧ್ಯಾಹ್ನ ವಾಕಿಂಗು, ಆಟ. ಹಿಂದಿನ ವಾರ್ಡಿನಲ್ಲಿ ತಿಂಗಳುಗಟ್ಟಲೆ ಯಾರೂ ಹೆಸರು ಹಿಡಿದು ಕರೆಯದ ಮನುಷ್ಯನಿಗೆ ದಿನಕ್ಕೆ ಇಷ್ಟು ಗಂಟೆ ಒಬ್ಬರು ಪೂರ್ತಿಯಾಗಿ ಸಿಕ್ಕಿಬಿಟ್ಟರು. ಔಷಧಿ ಅದೇ ಇರಬೇಕು ಅಂತ ಆಗಲೇ ಹಲವರು ಹೇಳಿದರು. ಆದರೆ ಇನ್ಸುಲಿನ್ ವಾರ್ಡು ಮುಚ್ಚಿದಾಗ ಆ ನರ್ಸ್‌ಗಳ ಸಂಖ್ಯೆಯನ್ನು ಉಳಿಸಿಕೊಂಡು ಬೇರೆ ವಾರ್ಡಿಗೆ ಹಂಚಿದ ಕಥೆ ನಾನು ಎಲ್ಲೂ ಓದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಕಸುಬಿನ ಬಗ್ಗೆ ಹೊಗಳಿಕೆ ಮಾತ್ರ ಆಗುತ್ತದೆ. ಇನ್ನೊಂದು ಪುಟ ಇದೆ. ನಮ್ಮ ಪುಸ್ತಕದಲ್ಲಿ ಇರಲಿಲ್ಲ.

ಜರ್ಮನಿಯಲ್ಲಿ 1940ರಿಂದ 1941ರ ಆಗಸ್ಟ್‌ವರೆಗೆ ನಾಜಿಗಳು ಆರು ಕಡೆ ಗ್ಯಾಸ್ ಬಿಟ್ಟು 70,000ಕ್ಕೂ ಹೆಚ್ಚು ಮಾನಸಿಕ ರೋಗಿಗಳನ್ನು, ಅಂಗವಿಕಲರನ್ನು ಕೊಂದರು. ಗ್ಯಾಸ್ ನಿಲ್ಲಿಸಿದ ಮೇಲೂ ಕೊಲೆ ನಿಲ್ಲಲಿಲ್ಲ, ವಾರ್ಡುಗಳಲ್ಲಿ ಮಾತ್ರೆ, ಇಂಜೆಕ್ಷನ್, ಉಪವಾಸದಿಂದ ಮುಂದುವರಿಯಿತು. ಕೊಟ್ಟ ಕೈಗಳಲ್ಲಿ ನರ್ಸ್‌ಗಳ ಕೈ ಇದ್ದವು. ಮೆಜೆರಿಟ್ಸ್-ಒಬ್ರಾವಾಲ್ಡೆ ಅನ್ನುವ ಆಸ್ಪತ್ರೆಯ 14 ನರ್ಸ್‌ಗಳ ವಿಚಾರಣೆ 1965ರಲ್ಲಿ ಮ್ಯೂನಿಕ್‌ನಲ್ಲಿ ನಡೆಯಿತು. ಎಲ್ಲರೂ ಖುಲಾಸೆ. ಅವರಲ್ಲಿ ಒಬ್ಬಾಕೆ, ಔಷಧಿ ಕುಡಿಸುವಾಗ ರೋಗಿಯನ್ನು ಪ್ರೀತಿಯಿಂದ ಹಿಡಿದುಕೊಂಡು ಮೈ ಸವರುತ್ತಿದ್ದೆ ಅನ್ನುವ ಅರ್ಥದಲ್ಲಿ ಹೇಳಿಕೆ ಕೊಟ್ಟಿದ್ದಾಳೆ.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕ್ರೂರಿಗಳ ಕಥೆಯಾಗಿದ್ದರೆ ಓದಿ ಪಕ್ಕಕ್ಕಿಡಬಹುದಿತ್ತು. ಆ ಸವರುವಿಕೆ ನನಗೆ ಗೊತ್ತು. ಔಷಧಿ ಬೇಡ ಅನ್ನುವವರಿಗೆ ನಾನೂ ಹಾಗೇ ಬೆನ್ನು ಸವರಿ ಕುಡಿಸುತ್ತೇನೆ. 'ಡಾಕ್ಟರು ಬರೆದಿದ್ದಾರೆ, ನಾನು ಕೊಟ್ಟೆ' ಅನ್ನುವುದು ನಾನೂ ಆಡಿದ ಮಾತು. ಆ ಬ್ಯಾಂಡೇಜಿನ ರಾತ್ರಿ ಆಡಿದ್ದು ಅದನ್ನೇ. ಹೊಸಬರು ಬಂದಾಗ ಪಿನೆಲ್ ಕಥೆ ಹೇಳುವ ಮೊದಲು ನಾನು ಇದನ್ನು ಹೇಳುತ್ತೇನೆ. ಮೇಡಂ ಯಾಕೋ ಹೆದರಿಸ್ತಾರೆ ಅಂತ ಹಿಂದೆ ಮಾತಾಡಿಕೊಳ್ಳುತ್ತಾರಂತೆ.

ಯುದ್ಧ ಮುಗಿದ ಮೇಲೆ ಅಮೆರಿಕದ ಹಿಲ್ಡಗಾರ್ಡ್ ಪೆಪ್ಲೌ ಅನ್ನುವ ನರ್ಸ್, ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆ ಅಂತ ಪುಸ್ತಕ ಬರೆದಳು. 1948ರಲ್ಲೇ ಬರೆದು ಮುಗಿಸಿದ್ದಳು, ಅಚ್ಚಾದದ್ದು 1952ರಲ್ಲಿ. ಜೊತೆಯಲ್ಲಿ ಒಬ್ಬ ಡಾಕ್ಟರ ಹೆಸರಿಲ್ಲದೆ ನರ್ಸ್ ಒಬ್ಬಳೇ ಪುಸ್ತಕ ಬರೆಯುವುದು ಆಗ ಯಾರಿಗೂ ಒಪ್ಪಿಗೆಯಾಗಲಿಲ್ಲ! ಅವಳ ಹೆಸರು ನೆನಪಿರದ ನರ್ಸ್‌ಗೂ ಅವಳ ಕೈಚಳಕ ಗೊತ್ತಿರುತ್ತದೆ. ಸೈಕಿಯಾಟ್ರಿ ಪೋಸ್ಟಿಂಗಿನಲ್ಲಿ ನಾವು ಬರೆಯುವ 'ಪ್ರೊಸೆಸ್ ರೆಕಾರ್ಡಿಂಗ್' ಅವಳ ದಾರಿಯದೇ. ರೆಕಾರ್ಡ್ ಬುಕ್ಕಿನಲ್ಲಿ ಸ್ಕೇಲು ಇಟ್ಟು ಮೂರು ಕಾಲಂ ಎಳೆಯಬೇಕು. ರೋಗಿ ಹೇಳಿದ್ದು, ನಾನು ಹೇಳಿದ್ದು, ಅದರಿಂದ ತಿಳಿದದ್ದು. ಕಂದು ಬೈಂಡು, ಮೇಲೆ ಲೇಬಲ್ಲು. ನನ್ನದು ಇನ್ನೂ ಇದೆ.

ನನಗೆ ಕೊಟ್ಟ ಕೇಸು ನಲವತ್ತು ದಾಟಿದ ಒಬ್ಬ ಹೆಂಗಸು. ಅವರು ಯಾರು, ಎಲ್ಲಿಯವರು ಅಂತ ಗೊತ್ತಾಗುವ ಯಾವುದನ್ನೂ ಇಲ್ಲಿ ಬರೆದಿಲ್ಲ. ಮೂರು ವಾರದಿಂದ ಒಂದು ಮಾತೂ ಆಡಿರಲಿಲ್ಲ. ನಾನು ದಿನಾ ಹೋಗಿ ಸ್ಟೂಲ್ ಎಳೆದುಕೊಂಡು, ಟೀಚರ್ ಹೇಳಿಕೊಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳುತ್ತಿದ್ದೆ. ಇವತ್ತು ಹೇಗನ್ನಿಸ್ತಿದೆ? ಇದು ಯಾವ ಜಾಗ ಗೊತ್ತಾ? ಅವರು ಕಿಟಕಿ ನೋಡುತ್ತಿದ್ದರು. ಮೊದಲ ಕಾಲಂನಲ್ಲಿ 'ಮೌನ', 'ಮೌನ', 'ಮೌನ' ಅಂತ ಬರೆದೂ ಬರೆದೂ ಸಾಕಾಗಿತ್ತು.

ಡಿಸೆಂಬರ್ ತಿಂಗಳು. ವಾರ್ಡಿನ ಆಯಾ ಒಬ್ಬರು ಇದ್ದರು, ನಾವೆಲ್ಲ ಅಕ್ಕ ಅನ್ನುತ್ತಿದ್ದೆವು. ಒಂದು ದಿನ ಮಧ್ಯಾಹ್ನ ಅಕ್ಕ ಮನೆಗೆ ಅಂತ ಕೊಂಡ ಅವರೆಕಾಯಿಯನ್ನು ಜಗುಲಿಯಲ್ಲಿ ಮೊರಕ್ಕೆ ಸುರಿದುಕೊಂಡು ಕೂತರು. ಸೊಗಡಿನ ವಾಸನೆ ವಾರ್ಡೆಲ್ಲ ತುಂಬಿತು. ಯಾರನ್ನೂ ಕರೆಯಲಿಲ್ಲ. ಇಬ್ಬರು ಮೂವರು ಬಂದು ಪಕ್ಕದಲ್ಲಿ ಕೂತರು. ನನ್ನ ಪೇಷೆಂಟೂ ಬಂದರು. ಅಕ್ಕ ತಲೆ ಎತ್ತಿ ನೋಡಲೂ ಇಲ್ಲ, ಮೊರವನ್ನು ಒಂಚೂರು ಅವರ ಕಡೆ ತಳ್ಳಿದರು. ನಾನೂ ಕೂತೆ. ನನ್ನ ಉಗುರಿಗೆ ಅಂಟು ಹತ್ತಿಕೊಂಡು ಕರ್ರಗಾಯಿತು. ಅವರ ಬೆರಳು ನನಗಿಂತ ಮೂರು ಪಟ್ಟು ಬೇಗ ಓಡುತ್ತಿತ್ತು. ಒಂದು ಕಾಯಿ, ಒಂದು ಚಿಟುಕು, ಕಾಳು ಮೊರಕ್ಕೆ, ಸಿಪ್ಪೆ ಪಕ್ಕಕ್ಕೆ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಅವರು ನಾನು ಸುಲಿದು ಹಾಕಿದ ಒಂದು ಕಾಳನ್ನು ಎತ್ತಿ ನನ್ನ ಅಂಗೈಗೆ ಹಾಕಿದರು.

'ಹುಳ ಇದೆ ನೋಡು.'

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ರೆಕಾರ್ಡ್ ಬರೆಯಲು ಕೂತೆ. ಮೊದಲ ಕಾಲಂನಲ್ಲಿ ಆ ಮಾತು ಬರೆದೆ. ಎರಡನೆಯದರಲ್ಲಿ 'ಹೂಂ' ಅಂತ ಬರೆದೆ, ನಾನು ಹೇಳಿದ್ದು ಅಷ್ಟೇ. ಮೂರನೆಯದಕ್ಕೆ ಏನು ಬರೆಯಬೇಕೋ ತೋಚದೆ ಬಿಟ್ಟೆ. ಟೀಚರ್ ಆ ಖಾಲಿ ಜಾಗಕ್ಕೆ ಕೆಂಪು ಪೆನ್ನಲ್ಲಿ ದೊಡ್ಡ ಸುತ್ತು ಹಾಕಿ 'ಇನ್‌ಕಂಪ್ಲೀಟ್' ಅಂತ ಬರೆದಿದ್ದಾರೆ. ಹತ್ತಕ್ಕೆ ಐದೂವರೆ.